ಲೇಬಲ್ಲಿನಾಚೆಯ ಮದ್ದು: ಬರಹ, ಬಾಯ್ಮಾತು ಮತ್ತು ಬಾಣಂತಿ

ಔಷಧಿಯ ಅಂಗಡಿಯಲ್ಲಿ ಹತ್ತು ಗುಳಿಗೆಗಳ ಪಟ್ಟಿಯಿಂದ ಎರಡನ್ನು ಕತ್ತರಿಸಿ ಕೊಡುವ ರೂಢಿ ಕರ್ನಾಟಕದ ಹಳ್ಳಿ-ಪೇಟೆಗಳಲ್ಲಿ ಸರ್ವೇಸಾಮಾನ್ಯವಾದುದು. ಕತ್ತರಿ ಆಡಿದೊಡನೆ ಔಷಧದ ಹೆಸರಿನ ಅರ್ಧ ಅಂಗಡಿಯಲ್ಲಿ ಉಳಿಯುತ್ತದೆ, ಇನ್ನರ್ಧ ಗಿರಾಕಿಯ ಕೈ ಸೇರುತ್ತದೆ. ಅವಧಿ ಮುಗಿಯುವ ದಿನಾಂಕ ಯಾವುದೋ ಒಂದು ತುಂಡಿನಲ್ಲಿರುತ್ತದೆ. ಉಳಿದ ಅಕ್ಷರಗಳೂ ಬಹುಮಟ್ಟಿಗೆ ಇಂಗ್ಲಿಷಿನವು. ಆದಕಾರಣ ಮನೆಯಲ್ಲಿ ಆ ಗುಳಿಗೆಗೆ ಬೇರೆಯೇ ಹೆಸರು ಹುಟ್ಟುತ್ತದೆ: ಕೆಂಪು ಗುಳಿಗೆ, ಹಳದಿ ಗುಳಿಗೆ, ನಿದ್ದೆ ಗುಳಿಗೆ, ಮೈಕೈ ನೋವಿನ ಗುಳಿಗೆ. ಯಾವ ಗುಳಿಗೆ ಯಾವುದಕ್ಕೆ ಎಂಬ ತಿಳಿವಳಿಕೆ ಮುದ್ರಿತ ಬರಹದಿಂದ ಕಳಚಿಕೊಂಡು ಬಾಯಿಂದ ಬಾಯಿಗೆ ಸಾಗುತ್ತದೆ. ಜಾನಪದ ಅಧ್ಯಯನಕ್ಕೆ ಆಧುನಿಕ ಔಷಧವೂ ವಸ್ತುವಾಗುವುದು ಇಲ್ಲಿಂದಲೇ.

ವೈದ್ಯಕೀಯ ಪರಿಭಾಷೆಯಲ್ಲಿ ‘ಆಫ್-ಲೇಬಲ್ ಬಳಕೆ’ ಎಂಬುದಕ್ಕೆ ನಿರ್ದಿಷ್ಟ ಅರ್ಥವಿದೆ. ಒಂದು ಔಷಧವನ್ನು ಯಾವ ಕಾಯಿಲೆಗೆ, ಯಾವ ವಯಸ್ಸಿನವರಿಗೆ, ಎಷ್ಟು ಪ್ರಮಾಣದಲ್ಲಿ, ಯಾವ ಮಾರ್ಗದಿಂದ ಕೊಡಬೇಕೆಂದು ನಿಯಂತ್ರಣ ಸಂಸ್ಥೆ ಅನುಮೋದಿಸುತ್ತದೆಯೋ ಅದರ ಬರಹರೂಪವೇ ಲೇಬಲ್. ಈ ನಾಲ್ಕರಲ್ಲಿ ಯಾವುದೊಂದನ್ನು ಮೀರಿದರೂ ಅದು ಲೇಬಲ್ಲಿನಾಚೆಯ ಬಳಕೆ. ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್ ನರಗಳ ನೋವಿಗೆ ಒದಗುವುದು, ರಕ್ತದೊತ್ತಡಕ್ಕೆಂದು ಬಂದ ಪ್ರೊಪ್ರನಲಾಲ್ ವೇದಿಕೆಯ ನಡುಕಕ್ಕೆ ಒದಗುವುದು ಇದರ ಪರಿಚಿತ ಉದಾಹರಣೆಗಳು. ಪ್ರಯೋಗಗಳಲ್ಲಿ ಮಕ್ಕಳನ್ನು ಸೇರಿಸಿಕೊಳ್ಳುವುದು ವಿರಳವಾದುದರಿಂದ ಮಕ್ಕಳ ವಾರ್ಡಿನಲ್ಲಿ ಇಂಥ ಬಳಕೆ ಅಪವಾದವೇನೂ ಅಲ್ಲ. ಕನ್ನಡದಲ್ಲಿ ಇದನ್ನು ‘ಲೇಬಲ್-ಬಾಹಿರ’ ಎಂದು ಅನುವಾದಿಸಬಹುದಾದರೂ ‘ಬಾಹಿರ’ ಎಂಬ ಉತ್ತರಪದ ‘ಕಾನೂನುಬಾಹಿರ’ದ ನೆರಳನ್ನು ತನ್ನೊಡನೆ ತರುತ್ತದೆ. ಲೇಬಲ್ಲನ್ನು ಮೀರಿದ್ದೆಲ್ಲ ಅಪರಾಧವೆಂಬ ತಪ್ಪು ತಿಳಿವಳಿಕೆಗೆ ಆ ಪದವೇ ಎಡೆಮಾಡಿಕೊಡುವುದರಿಂದ ಪ್ರಸ್ತುತ ಲೇಖನದಲ್ಲಿ ‘ಲೇಬಲ್ಲಿನಾಚೆಯ’ ಎಂಬ ವಿಶೇಷಣವನ್ನು ಬಳಸಲಾಗಿದೆ.

ಕಾನೂನಿನ ಸ್ಥಿತಿಯನ್ನು ಸಂಕ್ಷೇಪವಾಗಿ ಗಮನಿಸಬಹುದು. ಅಮೆರಿಕದಲ್ಲಿ 1962ರ ತಿದ್ದುಪಡಿಯ ತರುವಾಯ ತಯಾರಕರು ತಮ್ಮ ಔಷಧವು ಲೇಬಲ್ಲಿನಲ್ಲಿ ಹೇಳಿದ ಕಾಯಿಲೆಗೆ ಪರಿಣಾಮಕಾರಿಯೆಂದು ಸಾಬೀತುಪಡಿಸಬೇಕಾಯಿತು. ಆದರೆ ವೈದ್ಯನ ಲೇಖನಿಯನ್ನು ಆ ಶಾಸನ ಕಟ್ಟಿಹಾಕಲಿಲ್ಲ. ಭಾರತದಲ್ಲಿ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯಿದೆ ಹಾಗೂ 1945ರ ನಿಯಮಗಳು ತಯಾರಿಕೆಯನ್ನೂ ಮಾರಾಟವನ್ನೂ ನಿಯಂತ್ರಿಸುತ್ತವೆ; ಷೆಡ್ಯೂಲ್ ಎಚ್ ಪಟ್ಟಿಯ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅನುಮೋದಿತ ಔಷಧಕ್ಕೆ ಹೊಸ ಉಪಯೋಗವನ್ನು ಆರೋಪಿಸಿದರೆ 2019ರ ಹೊಸ ಔಷಧಗಳ ನಿಯಮಗಳ ಪ್ರಕಾರ ಅದು ಮತ್ತೆ ‘ಹೊಸ ಔಷಧ’ವೇ ಆಗುತ್ತದೆ. ಆದರೆ ವೈದ್ಯನೊಬ್ಬ ತನ್ನ ವಿವೇಚನೆಯಿಂದ ಲೇಬಲ್ಲನ್ನು ಮೀರಿ ಬರೆಯುವುದನ್ನು ನಮ್ಮ ಕಾನೂನು ಸ್ಪಷ್ಟವಾಗಿ ಅನುಮತಿಸುವುದೂ ಇಲ್ಲ, ನಿಷೇಧಿಸುವುದೂ ಇಲ್ಲ. ಚೀಟಿಯೇ ಇಲ್ಲದೆ ಜನರು ತಾವಾಗಿ ಕೊಂಡು ನುಂಗುವುದು ಬೇರೆಯೇ ವಿಷಯ. ವೈದ್ಯನ ಆಚೆ ಹಾಗೂ ಜನರ ಆಚೆ, ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ವಿವೇಚನೆಗೆ ಅಡ್ಡಿ. ಆದರೂ ಒಂದು ಮತ್ತೊಂದಾಗಿ ಪರಿವರ್ತನೆ ಹೊಂದಿದ ಪ್ರಸಂಗಗಳಿವೆ, ಅವೇ ಇಲ್ಲಿನ ಮುಖ್ಯ ಆಸಕ್ತಿ.

ಲೇಬಲ್ ಎಂಬ ಕಲ್ಪನೆಯೇ ಇತ್ತೀಚಿನದು. ಯುಕ್ತಿಯನ್ನೂ ಉದ್ದೇಶವನ್ನೂ ಅವಲಂಬಿಸಿ ನೋಡಿದರೆ ಔಷಧವಾಗದ ದ್ರವ್ಯವೇ ಜಗತ್ತಿನಲ್ಲಿ ಇಲ್ಲವೆಂಬ ಅಭಿಪ್ರಾಯ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಬರುತ್ತದೆ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷಚಿಕಿತ್ಸೆಗೆ ಮೀಸಲಾದ ಕನ್ನಡ ಗ್ರಂಥ. ವಿಷ ಮತ್ತು ಮದ್ದುಗಳ ನಡುವಿನ ಗಡಿ ಎಷ್ಟು ತೆಳುವಾದುದೆಂಬ ಅರಿವು ಅಂಥ ಪರಂಪರೆಯ ಹಿನ್ನೆಲೆಯಲ್ಲಿದೆ. ಕನ್ನಡದ ‘ಮದ್ದು’ ಎಂಬ ಪದವೇ ಔಷಧ, ವಿಷ, ಸಿಡಿಮದ್ದು, ಮಾಟದ ‘ಕೈಮದ್ದು’ ಎಲ್ಲವನ್ನೂ ಒಳಗೊಳ್ಳುತ್ತದೆ. ಮನೆಮದ್ದಿನಲ್ಲಿ ಓಂಕಾಳಾಗಲಿ ಶುಂಠಿಯಾಗಲಿ ಒಂದೇ ಕಾಯಿಲೆಗೆ ಬದ್ಧವಲ್ಲ. ಮಗುವಿಗೆ ಒಂದು ಬಗೆ, ಬಾಣಂತಿಗೆ ಇನ್ನೊಂದು ಬಗೆ. ಅನುಪಾನ ಬದಲಾದರೆ ಗುಣವೂ ಬದಲಾಗುತ್ತದೆ. ಈ ಲೋಕದೃಷ್ಟಿಯುಳ್ಳವರ ಕೈಗೆ ಗುಳಿಗೆ ಬಂದಾಗ ‘ಇದು ಇದಕ್ಕೆ ಮಾತ್ರ’ ಎಂಬ ಕಟ್ಟಳೆ ಅವರಿಗೆ ಅಪರಿಚಿತವೆನಿಸುವುದು ಸಹಜ. ಜಾನಪದದ ಪರಿಭಾಷೆಯಲ್ಲಿ ಹೇಳುವುದಾದರೆ ಲೇಬಲ್ ಒಂದು ಸ್ಥಿರಪಠ್ಯ, ಬಳಕೆಗಳು ಅದರ ಪಾಠಾಂತರಗಳು. ಹಾಡು-ಕಥೆಗಳಲ್ಲಿ ಪಾಠಾಂತರವನ್ನು ವಿದ್ವಾಂಸರು ಸಂಭ್ರಮದಿಂದ ಸ್ವಾಗತಿಸುತ್ತಾರೆ. ಔಷಧದಲ್ಲಿ ಮಾತ್ರ ಪಾಠಾಂತರವೊಂದು ಪ್ರಾಣ ಉಳಿಸಲೂಬಹುದು, ತೆಗೆಯಲೂಬಹುದು. ಆದುದರಿಂದ ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು.

ಥಾಲಿಡೊಮೈಡ್ ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ. ಗರ್ಭಿಣಿಯರು ಸೇವಿಸಿದ ಈ ನಿದ್ದೆಯ ಗುಳಿಗೆ ಸಾವಿರಾರು ಶಿಶುಗಳನ್ನು ಅಂಗಹೀನಗೊಳಿಸಿ 1961ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆಯಲ್ಪಟ್ಟಿತು. ಮೂರೇ ವರ್ಷಗಳ ತರುವಾಯ, 1964ರಲ್ಲಿ, ಜೆರುಸಲೇಮಿನ ವೈದ್ಯ ಜೇಕಬ್ ಶೆಸ್ಕಿನ್ ನಿದ್ದೆಯಿಲ್ಲದೆ ನರಳುತ್ತಿದ್ದ ಕುಷ್ಠರೋಗಿಗೆ ಅದನ್ನು ಕೊಟ್ಟಾಗ ರೋಗದ ಉಗ್ರ ಪ್ರತಿಕ್ರಿಯೆಯೇ ಇಳಿಯಿತು. ಅಮೆರಿಕದಲ್ಲಿ ಆ ಉಪಯೋಗ ಲೇಬಲ್ಲಿಗೇರಿದ್ದು 1998ರಲ್ಲಿ.

ಹೊಟ್ಟೆಹುಣ್ಣಿನ ಗುಳಿಗೆಯ ಎರಡನೆಯ ಜನ್ಮ

ಲೇಬಲ್ಲಿನಾಚೆಯ ಬಳಕೆ ಜನರ ಬಾಯ್ಮಾತಿನಿಂದ ಹುಟ್ಟಿ ಶಾಸ್ತ್ರದ ಮನ್ನಣೆಯನ್ನು ಪಡೆದ ಅತ್ಯಂತ ಗಮನಾರ್ಹ ಪ್ರಸಂಗ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯದು. ಅಮೆರಿಕದ ಸರ್ಲ್ ಕಂಪನಿಯ ಪ್ರಯೋಗಾಲಯದಲ್ಲಿ 1973ರಲ್ಲಿ ರೂಪುಗೊಂಡ ಈ ವಸ್ತು ದೇಹದಲ್ಲೇ ಉತ್ಪತ್ತಿಯಾಗುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಅನುಕರಿಸುತ್ತದೆ. ನೋವುನಿವಾರಕಗಳ ದೀರ್ಘ ಸೇವನೆಯಿಂದ ಜಠರದಲ್ಲಿ ಹುಣ್ಣಾಗುವುದನ್ನು ತಡೆಯುವುದಕ್ಕಾಗಿ ಅದು ಸೈಟೋಟೆಕ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಬ್ರೆಜಿಲ್‌ನಲ್ಲಿ 1986ರಲ್ಲಿ, ಅಮೆರಿಕದಲ್ಲಿ 1988ರಲ್ಲಿ. ಪ್ರೊಸ್ಟಗ್ಲಾಂಡಿನ್ ಗರ್ಭಾಶಯದ ಸ್ನಾಯುಗಳನ್ನೂ ಸಂಕುಚಿಸುತ್ತದೆ. ಅದರಿಂದಾಗಿ ಗರ್ಭಪಾತವಾದೀತು, ಗರ್ಭಿಣಿಯರು ಸೇವಿಸಕೂಡದು ಎಂಬ ಎಚ್ಚರಿಕೆ ಲೇಬಲ್ಲಿನಲ್ಲಿಯೇ ಇದ್ದಿತು.

ಗರ್ಭಪಾತವು ಬಹುಮಟ್ಟಿಗೆ ಅಪರಾಧವಾಗಿದ್ದ ಬ್ರೆಜಿಲ್‌ನ ಹೆಂಗಸರು ಆ ಎಚ್ಚರಿಕೆಯನ್ನೇ ಸೂಚನೆಯನ್ನಾಗಿ ಓದಿಕೊಂಡರು. ಅಲ್ಲಿ ನಿಂತ ಮುಟ್ಟನ್ನು ‘ಇಳಿಸುವ’ ಗಿಡಮೂಲಿಕೆಯ ಕಷಾಯಗಳ ಹಳೆಯ ಪರಂಪರೆಯಿದ್ದಿತು. ‘ಗರ್ಭ ತೆಗೆಸುವುದು’ ಎಂಬ ಮಾತಿಗಿಂತ ‘ಮುಟ್ಟು ಬರಿಸುವುದು’ ಎಂಬ ಮಾತು ಸಮಾಜಕ್ಕೂ ಮನಸ್ಸಿಗೂ ಹಗುರ. ಹೊಸ ಗುಳಿಗೆ ಆ ಹಳೆಯ ವರ್ಗದೊಳಗೆ ಬಂದು ಕುಳಿತಿತು. ಗೆಳತಿಯರಿಂದ, ನೆರೆಯವರಿಂದ, ಅಂಗಡಿಯವರಿಂದ ಸುದ್ದಿ ಹರಡಿತು. 1990ರ ದಶಕದ ಆರಂಭದಲ್ಲಿ ಫೋರ್ಟಲೆಜಾ ಮತ್ತು ರಿಯೊ ಡಿ ಜನೈರೊ ನಗರಗಳ ಆಸ್ಪತ್ರೆಗಳಲ್ಲಿ ಅಧ್ಯಯನಗಳು ನಡೆದಾಗ, ಗರ್ಭಪಾತದ ತೊಂದರೆಗಳಿಂದ ದಾಖಲಾದ ಮಹಿಳೆಯರಲ್ಲಿ ಬಹುಸಂಖ್ಯಾತರು ಈ ಗುಳಿಗೆಯನ್ನೇ ಬಳಸಿದ್ದುದು ಕಂಡುಬಂದಿತು. ಕಡ್ಡಿ ಮತ್ತಿತರ ವಿಧಾನಗಳಿಗೆ ಹೋಲಿಸಿದರೆ ನಂಜಿನ ಪ್ರಕರಣಗಳು ಕಡಿಮೆಯೆಂಬುದನ್ನೂ ವೈದ್ಯರು ಗುರುತಿಸಿದರು. 1991ರಲ್ಲಿ ಸರ್ಕಾರ ಮಾರಾಟಕ್ಕೆ ನಿರ್ಬಂಧ ಹೇರಿತು; 1998ರಿಂದ ಅದು ಆಸ್ಪತ್ರೆಗಳಿಗಷ್ಟೇ ಸೀಮಿತವಾಯಿತು.

ಈ ಕಥನವನ್ನು ಜನಪದರ ಜ್ಞಾನದ ವಿಜಯವೆಂದಷ್ಟೇ ಚಿತ್ರಿಸುವುದು ಏಕಪಕ್ಷೀಯವಾದೀತು. ಗುಳಿಗೆ ಸೇವಿಸಿಯೂ ಗರ್ಭ ಉಳಿದ ಪ್ರಸಂಗಗಳಲ್ಲಿ ಕೆಲವು ಶಿಶುಗಳು ಮುಖದ ನರಗಳ ವೈಕಲ್ಯದೊಡನೆ ಹುಟ್ಟಿದುದು ಬ್ರೆಜಿಲ್‌ನಲ್ಲಿಯೇ ದಾಖಲಾಗಿದೆ. ಯಶಸ್ಸಿನ ಸುದ್ದಿ ಬಾಯಿಂದ ಬಾಯಿಗೆ ವೇಗವಾಗಿ ಹರಡುತ್ತದೆ. ವೈಫಲ್ಯವನ್ನು ಮನೆಯವರು ಮುಚ್ಚಿಡುತ್ತಾರೆ, ಅದು ಹರಡುವುದಿಲ್ಲ. ಮೌಖಿಕ ಪರಂಪರೆಯ ಈ ಕಣ್ಣುಕಟ್ಟನ್ನು ಜಾನಪದ ವಿದ್ವಾಂಸರು ಔಷಧದ ಸಂದರ್ಭದಲ್ಲಿ ವಿಶೇಷವಾಗಿ ನೆನಪಿಡಬೇಕು.

ಅಮೆರಿಕದಲ್ಲಿ ಪ್ರಸೂತಿತಜ್ಞರು ಅದೇ ಗುಳಿಗೆಯನ್ನು ಹೆರಿಗೆ ಪ್ರಚೋದಿಸಲು ಬಳಸತೊಡಗಿದ್ದರು. 2000ದ ಆಗಸ್ಟಿನಲ್ಲಿ ಸರ್ಲ್ ಕಂಪನಿಯೇ ವೈದ್ಯರಿಗೆ ಪತ್ರ ಬರೆದು, ಇದು ಗರ್ಭಿಣಿಯರಿಗಾಗಿ ಅನುಮೋದಿತವಾದುದಲ್ಲವೆಂದು ಎಚ್ಚರಿಸಿತು. ಮರುತಿಂಗಳೇ ಅಲ್ಲಿನ ಔಷಧ ಆಡಳಿತ, ಮಿಫೆಪ್ರಿಸ್ಟೋನ್ ಎಂಬ ಮತ್ತೊಂದು ಔಷಧಕ್ಕೆ ಮಂಜೂರಾತಿ ನೀಡುವಾಗ ಅದರೊಡನೆ ಮಿಸೊಪ್ರೊಸ್ಟಾಲ್ ಸೇವಿಸಬೇಕೆಂದು ವಿಧಿಸಿತು. ಒಂದೇ ಗುಳಿಗೆ ತನ್ನ ಲೇಬಲ್ಲಿನಲ್ಲಿ ನಿಷಿದ್ಧ, ನೆರೆಯ ಔಷಧದ ಲೇಬಲ್ಲಿನಲ್ಲಿ ವಿಹಿತ! ಗರ್ಭಿಣಿಯರ ಕುರಿತಾದ ಸಾರಾಸಗಟು ನಿಷೇಧವನ್ನು ಹುಣ್ಣಿಗಾಗಿ ಸೇವಿಸುವವರಿಗಷ್ಟೇ ಸೀಮಿತಗೊಳಿಸಿ ಲೇಬಲ್ಲನ್ನು ತಿದ್ದಿದ್ದು 2002ರಲ್ಲಿ.

ಬೆಳಗಾವಿಯ ಹಳ್ಳಿಗಳಲ್ಲಿ

ಇದೇ 2002ರ ಸೆಪ್ಟೆಂಬರಿನಲ್ಲಿ ಈ ಗುಳಿಗೆಯ ಚರಿತ್ರೆ ಕರ್ನಾಟಕವನ್ನು ಪ್ರವೇಶಿಸುತ್ತದೆ. ಇಲ್ಲಿ ಪ್ರಶ್ನೆ ಗರ್ಭಪಾತದ್ದಾಗಿರಲಿಲ್ಲ, ಹೆರಿಗೆಯಾದ ಮೇಲಿನ ರಕ್ತಸ್ರಾವದ್ದಾಗಿತ್ತು. ಮಗು ಹೊರಬಂದು ಕಸ ಬಿದ್ದ ತರುವಾಯ ಗರ್ಭಾಶಯ ಬಿಗಿದುಕೊಳ್ಳಬೇಕು. ಬಿಗಿದುಕೊಂಡಾಗಲೇ ತೆರೆದ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಅದು ಸಡಿಲವಾಗಿಯೇ ಉಳಿದರೆ ತಾಯಿ ಕೆಲವೇ ಗಂಟೆಗಳಲ್ಲಿ ಪ್ರಾಣ ಬಿಡಬಹುದು. ಇದಕ್ಕೆ ಆಸ್ಪತ್ರೆಯ ಮದ್ದು ಆಕ್ಸಿಟೋಸಿನ್ ಚುಚ್ಚುಮದ್ದು. ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ತರಬೇತಾದ ಕೈ ಬೇಕು. ವಿದ್ಯುತ್ತು, ಶೀತಪೆಟ್ಟಿಗೆ, ದಾದಿ ಮೂರೂ ಇಲ್ಲದ ಮನೆಯಲ್ಲಿ ಬಾಯಿಯಿಂದ ನುಂಗಬಹುದಾದ ಗುಳಿಗೆ ಆ ಕೆಲಸವನ್ನು ಮಾಡೀತೇ ಎಂಬುದು ಪ್ರಶ್ನೆ.

ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ರಿಚರ್ಡ್ ಡರ್ಮನ್ ಅವರ ತಂಡದೊಡನೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 2005ರ ಡಿಸೆಂಬರಿನವರೆಗೆ ಈ ಪರೀಕ್ಷೆಯನ್ನು ನಡೆಸಿದರು. ಮನೆಯಲ್ಲಿಯೋ ಉಪಕೇಂದ್ರದಲ್ಲಿಯೋ ಹೆತ್ತ 1,620 ಮಹಿಳೆಯರು ಇದರಲ್ಲಿ ಸೇರಿದ್ದರು. 812 ಮಂದಿಗೆ 600 ಮೈಕ್ರೋಗ್ರಾಮ್ ಮಿಸೊಪ್ರೊಸ್ಟಾಲ್, 808 ಮಂದಿಗೆ ಅದರಂತೆಯೇ ಕಾಣುವ ಸತ್ತ್ವರಹಿತ ಗುಳಿಗೆ. ಕೊಟ್ಟವರು ಸಹಾಯಕ ದಾದಿಯರು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಅರ್ಧ ಲೀಟರು ಮೀರಿದ ರಕ್ತಸ್ರಾವ ಸತ್ತ್ವರಹಿತ ಗುಳಿಗೆ ಪಡೆದವರಲ್ಲಿ ಶೇಕಡಾ 12, ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಶೇಕಡಾ 6.4. ಒಂದು ಲೀಟರು ಮೀರಿದ ತೀವ್ರ ಸ್ರಾವ ಶೇಕಡಾ 1.2ರಿಂದ 0.2ಕ್ಕೆ ಇಳಿದಿತ್ತು. ಹದಿನೆಂಟು ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬಳ ಅತಿಸ್ರಾವ ತಪ್ಪುತ್ತದೆಂಬ ಲೆಕ್ಕ ಇದರಿಂದ ದೊರೆಯಿತು.

ಈ ಪರೀಕ್ಷೆಯ ಒಂದು ಉಪಕರಣ ಜಾನಪದ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹ. ಹೆರಿಗೆಯ ರಕ್ತವನ್ನು ಅಲ್ಲಿಯವರೆಗೆ ಅಳೆಯುತ್ತಿದ್ದುದು ಕಣ್ಣಂದಾಜಿನಿಂದ. ಮನೆಯ ಹಿರಿಯರ ಅಳತೆಯಾದರೋ ಎಷ್ಟು ಬಟ್ಟೆ ತೊಯ್ದಿತು ಎಂಬುದು. ಬೆಳಗಾವಿಯ ತಂಡ ಹೆಂಗಸಿನ ಕೆಳಗೆ ಹಾಸುವ, ತುದಿಯಲ್ಲಿ ಅಳತೆಗೆರೆಗಳಿರುವ ಚೀಲವುಳ್ಳ ಪ್ಲಾಸ್ಟಿಕ್ ಹಾಸನ್ನು ರೂಪಿಸಿತು. ಎಷ್ಟು ಸರಳವೋ ಅಷ್ಟೇ ದೂರಗಾಮಿಯಾದ ಸಾಧನವಿದು. ಇಂಥದೇ ಅಳತೆಹಾಸನ್ನು ಮೊದಲ ಹೆಜ್ಜೆಯಾಗಿಸಿಕೊಂಡು ಆಫ್ರಿಕದ ನಾಲ್ಕು ದೇಶಗಳಲ್ಲಿ ನಡೆದ ‘ಈ-ಮೋಟಿವ್’ ಅಧ್ಯಯನ 2023ರಲ್ಲಿ ಪ್ರಕಟವಾಗಿ ತೀವ್ರ ಸ್ರಾವದ ಪರಿಣಾಮಗಳು ಶೇಕಡಾ 60ರಷ್ಟು ತಗ್ಗಿದುದನ್ನು ತೋರಿಸಿತು. ಅಳತೆಯ ಮಹತ್ವ ಏಕೆ? ಹೆರಿಗೆಯಲ್ಲಿ ಹರಿಯುವುದು ‘ಕೆಟ್ಟ ರಕ್ತ’, ಅದು ಹೋಗುವುದೇ ಒಳ್ಳೆಯದೆಂಬ ಭಾವನೆ ದಕ್ಷಿಣ ಏಷ್ಯಾದ ಹಲವೆಡೆ ದಾಖಲಾಗಿದೆ. ಒಳ್ಳೆಯ ಸ್ರಾವ ಎಲ್ಲಿ ಮುಗಿದು ಅಪಾಯ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆ ಆ ಕಲ್ಪನೆಯಲ್ಲಿಲ್ಲ. ಪ್ಲಾಸ್ಟಿಕ್ ಚೀಲದ ಮೇಲೆ ಆ ಗೆರೆ ಕಣ್ಣಿಗೆ ಕಾಣಿಸುತ್ತದೆ.

ಮಿಸೊಪ್ರೊಸ್ಟಾಲಿನ ಅಡ್ಡಪರಿಣಾಮಗಳಲ್ಲಿ ಮುಖ್ಯವಾದವು ನಡುಕ ಮತ್ತು ಜ್ವರ. ವೈದ್ಯಕೀಯ ವರದಿ ಇವನ್ನು ತಾತ್ಕಾಲಿಕವೆಂದು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಆದರೆ ಬಾಣಂತಿಯ ಕೋಣೆಯಲ್ಲಿ ನಡುಕವೆಂಬುದು ಸಣ್ಣ ಸಂಗತಿಯಲ್ಲ. ಕಿವಿಗೆ ಹತ್ತಿ, ತಲೆಗೆ ಬಿಗಿಯಾದ ಬಟ್ಟೆ, ಹೊರಸಿನ ಕೆಳಗೆ ಕೆಂಡ, ಲೋಬಾನದ ಹೊಗೆ, ಖಾರದ ಪಥ್ಯ ಇವೆಲ್ಲ ಶೀತ ಮತ್ತು ಗಾಳಿ ಒಳಹೊಗದಂತೆ ತಡೆಯುವ ಏರ್ಪಾಡುಗಳು. ನಡುಗುವ ಬಾಣಂತಿ ಎಂದರೆ ಸನ್ನಿಯ ಭಯ. ಹಲವೆಡೆ ಅದು ಸೋಂಕಿನ, ದೃಷ್ಟಿಯ, ಗಾಳಿ ಬಡಿದುದರ ಲಕ್ಷಣವೂ ಹೌದು. ಪ್ರಾಣ ಉಳಿಸುವ ಗುಳಿಗೆ ಅತ್ಯಂತ ಭಯಾನಕವಾದ ಚಿಹ್ನೆಯನ್ನೇ ಹೊತ್ತು ತರುತ್ತದೆಂದಾಯಿತು. ಆ ನಡುಕ ಏಕೆಂಬುದನ್ನು ಮುಂಚಿತವಾಗಿ, ಮನೆಯವರ ಮಾತಿನಲ್ಲಿ, ಹೇಳದೆ ಹೋದರೆ ಮುಂದಿನ ಹೆರಿಗೆಯಲ್ಲಿ ಅವರು ಗುಳಿಗೆಯನ್ನು ನಿರಾಕರಿಸಿದರೆ ಆಶ್ಚರ್ಯವಿಲ್ಲ. ಲೇಬಲ್ಲಿನ ಭಾಷೆ ಜನರ ಭಾಷೆಯಾಗಬೇಕಾದ ಅಗತ್ಯ ಇಲ್ಲಿ ಎದ್ದು ಕಾಣುತ್ತದೆ. ಇನ್ನೊಂದು ಅಂಶವನ್ನೂ ಇಲ್ಲಿಯೇ ಹೇಳಬಹುದು. ಉತ್ತರ ಕರ್ನಾಟಕದಲ್ಲಿ ಸೆಟವಿತಾಯಿ ಬಂದು ಮಗುವಿನ ಹಣೆಬರಹ ಬರೆಯುವುದು ಐದನೆಯ ರಾತ್ರಿಯೆಂಬ ನಂಬಿಕೆಯಿದೆ; ಆಚರಣೆಯ ಎಚ್ಚರವೆಲ್ಲ ಆ ರಾತ್ರಿಯ ಸುತ್ತ ನೆರೆದಿದೆ. ತಾಯಿಯ ರಕ್ತಸ್ರಾವದ ಅಪಾಯ ಹೆಚ್ಚಾಗಿರುವುದು ಮೊದಲ ಕೆಲವು ಗಂಟೆಗಳಲ್ಲಿ.

ಸತ್ತ್ವರಹಿತ ಗುಳಿಗೆ ಪಡೆದ 808 ಮಂದಿಯ ಪ್ರಶ್ನೆಯನ್ನು ದಾಟಿಹೋಗಲಾಗದು. ಅಂದು ಹಳ್ಳಿಯ ಮನೆಹೆರಿಗೆಗಳಲ್ಲಿ ಸಹಾಯಕ ದಾದಿಯರು ಆಕ್ಸಿಟೋಸಿನ್ ಕೊಡುವ ಪದ್ಧತಿಯಿರಲಿಲ್ಲವಾದುದರಿಂದ ಆ ಮಹಿಳೆಯರಿಂದ ಏನನ್ನೂ ಕಸಿದುಕೊಂಡಂತಾಗಲಿಲ್ಲ ಎಂಬುದು ಸಮರ್ಥನೆ. ಅದು ತರ್ಕಬದ್ಧವೇ ಹೌದು. ಆದರೂ ಅದೇ ಜಿಲ್ಲೆಯ ಕಾಲೇಜು ಆಸ್ಪತ್ರೆಯಲ್ಲಿ ಹೆತ್ತವಳಿಗೆ ದೊರೆಯುವ ಮದ್ದು ಹಳ್ಳಿಯವಳಿಗೆ ದೊರೆಯದಿರುವ ಅಸಮಾನತೆಯೇ ಈ ಪರೀಕ್ಷೆಗೆ ನೆಲೆ ಒದಗಿಸಿತೆಂಬುದನ್ನು ಮರೆಯುವಂತಿಲ್ಲ. ಬ್ರೆಜಿಲ್‌ನ ಬಡ ಹೆಂಗಸರ ಅನಧಿಕೃತ ಅನುಭವ ಮತ್ತು ಬೆಳಗಾವಿಯ ಹಳ್ಳಿಯ ತಾಯಂದಿರ ದೇಹ, ಇವೆರಡೂ ಜಗತ್ತಿನ ಮಾರ್ಗಸೂಚಿಯೊಂದಕ್ಕೆ ಆಧಾರವಾದವು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಉಪಯೋಗಕ್ಕಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಕ್ಸಿಟೋಸಿನ್ ದೊರೆಯದ ಕಡೆ ಸಮುದಾಯದ ಆರೋಗ್ಯ ಕಾರ್ಯಕರ್ತೆಯರು ಇದನ್ನು ಕೊಡಬಹುದೆಂದು 2012ರಲ್ಲಿ ಶಿಫಾರಸು ಮಾಡಿತು. ಭಾರತ ಸರ್ಕಾರ 2013ರಲ್ಲಿ ಮನೆಹೆರಿಗೆಗಳಿಗಾಗಿ ಇದರ ಸಮುದಾಯಮಟ್ಟದ ವಿತರಣೆಯ ಮಾರ್ಗಸೂಚಿಯನ್ನು ಹೊರಡಿಸಿತು. ಆದರೆ ಅಮೆರಿಕದ ಸೈಟೋಟೆಕ್ ಲೇಬಲ್ಲಿನ ಅನುಮೋದಿತ ಉಪಯೋಗಗಳಲ್ಲಿ ಬಾಣಂತಿಯ ರಕ್ತಸ್ರಾವ ಇಂದಿಗೂ ಸೇರಿಲ್ಲ. ಲೇಬಲ್ಲಿಗೆ ಹೊಸ ಉಪಯೋಗ ಸೇರಬೇಕಾದರೆ ತಯಾರಕನೇ ಅರ್ಜಿ ಹಾಕಬೇಕು, ವೆಚ್ಚ ಭರಿಸಬೇಕು. ಅಗ್ಗದ, ವಿವಾದಗ್ರಸ್ತ ಗುಳಿಗೆಗೆ ಅಂಥ ಅರ್ಜಿದಾರ ದೊರೆಯುವುದು ಕಷ್ಟ. ಲೇಬಲ್ಲಿನ ಮೌನಕ್ಕೆ ಎಷ್ಟೋ ವೇಳೆ ವಿಜ್ಞಾನಕ್ಕಿಂತ ವಾಣಿಜ್ಯ ಕಾರಣ.

ಕರ್ನಾಟಕದಲ್ಲಿ ಈಗ ಮನೆಹೆರಿಗೆ ಅಪರೂಪ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ 2005-06ರಲ್ಲಿ ಶೇಕಡಾ 65ರಷ್ಟಿದ್ದ ಆಸ್ಪತ್ರೆ ಹೆರಿಗೆಗಳು 2019-21ರ ಸಮೀಕ್ಷೆಯಲ್ಲಿ ಶೇಕಡಾ 97ಕ್ಕೆ ಏರಿವೆ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹದಿನೈದು ಸಾವಿರ ಹೆರಿಗೆಗಳನ್ನು ಮಾಡಿಸಿದ ಕೈಯ ಜ್ಞಾನವನ್ನು ಪ್ರಭುತ್ವ ಗೌರವಿಸಿದ್ದು ಆ ವೃತ್ತಿ ಬಹುಮಟ್ಟಿಗೆ ಕಣ್ಮರೆಯಾದ ಮೇಲೆ. ಗುಳಿಗೆ ಕೊಡುವ ಅಧಿಕಾರ ಸಹಾಯಕ ದಾದಿಗೂ ಆಶಾ ಕಾರ್ಯಕರ್ತೆಗೂ ಸಂದಿತೇ ಹೊರತು ಸೂಲಗಿತ್ತಿಗೆ ಸಲ್ಲಲಿಲ್ಲ.

ಎಮ್ಮೆಯ ಕೊಟ್ಟಿಗೆ ಮತ್ತು ಹೆರಿಗೆ ಕೋಣೆ

ಆಕ್ಸಿಟೋಸಿನ್ನಿನ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. 1906ರಲ್ಲಿ ಹೆನ್ರಿ ಡೇಲ್ ಇದರ ಗುಣವನ್ನು ಗುರುತಿಸಿದನು. ಗ್ರೀಕ್ ಮೂಲದ ಹೆಸರಿನ ಅರ್ಥವೇ ‘ಬೇಗನೆಯ ಹೆರಿಗೆ’. ಗರ್ಭಾಶಯವನ್ನು ಬಿಗಿಗೊಳಿಸುವ ಇದೇ ವಸ್ತು ಕೆಚ್ಚಲಿನ ಹಾಲನ್ನೂ ಇಳಿಸುತ್ತದೆ. ಕರುವನ್ನು ಬಿಟ್ಟು ಸೊರ ಬಿಡಿಸುವುದು, ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವುದು ಹಳೆಯ ಪದ್ಧತಿ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಕೀರ್ತಿವರ್ಮ ‘ಗೋವೈದ್ಯ’ವನ್ನು ರಚಿಸಿದ್ದಾನೆ, ದನಕ್ಕೂ ಮನುಷ್ಯನಿಗೂ ವೈದ್ಯದ ಗೋಡೆ ಹಳ್ಳಿಯಲ್ಲಿ ಎಂದೂ ಗಟ್ಟಿಯಾಗಿರಲಿಲ್ಲ. ಇಂದು ದೇಶದ ಹಲವೆಡೆ ಕರುವಿನ ಜಾಗದಲ್ಲಿ ಅಗ್ಗದ ಆಕ್ಸಿಟೋಸಿನ್ ಚುಚ್ಚುಮದ್ದು ಬಂದು ನಿಂತಿದೆ. ಹಾಲು ಕುಡಿದವರಿಗೆ ಕೇಡು, ಕುಂಬಳಕಾಯಿಗೂ ಅದನ್ನೇ ಚುಚ್ಚುತ್ತಾರೆ ಎಂಬ ವದಂತಿಗಳೂ ಅದರ ಬೆನ್ನಿಗೇ ಹುಟ್ಟಿದವು. ಇವು ಆಧುನಿಕ ಜಾನಪದದ ಒಳ್ಳೆಯ ಮಾದರಿಗಳು.

2018ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ದೇಶದ ಬಳಕೆಗಾಗಿ ಆಕ್ಸಿಟೋಸಿನ್ ತಯಾರಿಸುವುದನ್ನು ಖಾಸಗಿ ಕಂಪನಿಗಳಿಗೆ ನಿಷೇಧಿಸಿ, ಬೆಂಗಳೂರಿನ ಸಾರ್ವಜನಿಕ ಉದ್ಯಮವಾದ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್‌ಗೆ ಮಾತ್ರ ಆ ಹೊಣೆಯನ್ನು ವಹಿಸಿತು. ಎಮ್ಮೆಯನ್ನು ಕಾಪಾಡುವ ಉದ್ದೇಶ ಮೆಚ್ಚತಕ್ಕದ್ದೇ. ಆದರೆ ಇಡೀ ದೇಶದ ಹೆರಿಗೆ ಕೋಣೆಗಳು ಒಂದೇ ಕಾರ್ಖಾನೆಯನ್ನು ನೆಚ್ಚಬೇಕಾದ ಪರಿಸ್ಥಿತಿ ಅದರಿಂದ ಒದಗುತ್ತಿತ್ತು. ಆ ಕಾರ್ಖಾನೆಯಲ್ಲಿ ಒಂದು ಯಂತ್ರ ಕೆಟ್ಟರೂ ಅದರ ಬೆಲೆಯನ್ನು ತೆರುವವರು ಬಾಣಂತಿಯರು. ದೆಹಲಿ ಉಚ್ಚ ನ್ಯಾಯಾಲಯ 2018ರ ಡಿಸೆಂಬರಿನಲ್ಲಿ ಈ ಅಧಿಸೂಚನೆಯನ್ನು ರದ್ದುಗೊಳಿಸಿತು. ಕೊಟ್ಟಿಗೆಯ ದುರ್ಬಳಕೆಯನ್ನು ಕೊಟ್ಟಿಗೆಯಲ್ಲಿಯೇ ತಡೆಯಬೇಕಲ್ಲದೆ ಮದ್ದಿನ ಮೂಲವನ್ನೇ ಕಟ್ಟಬಾರದು.

ಲೆಟ್ರೊಜೋಲ್ ಎಂಬ ಸ್ತನಕ್ಯಾನ್ಸರಿನ ಗುಳಿಗೆಯೂ ಇಂಥದೇ ಏರಿಳಿತ ಕಂಡಿತು. ಬಂಜೆತನದ ಚಿಕಿತ್ಸೆಯಲ್ಲಿ ಅದರ ಬಳಕೆಯನ್ನು 2011ರಲ್ಲಿ ಭಾರತ ನಿಷೇಧಿಸಿತು. ಅಂಡೋತ್ಪತ್ತಿಯ ದೋಷವುಳ್ಳವರಲ್ಲಿ ಅದು ಹಳೆಯ ಔಷಧಕ್ಕಿಂತ ಉತ್ತಮವೆಂದು 2014ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. 2017ರಲ್ಲಿ ನಿಷೇಧ ಹಿಂದೆಗೆಯಲ್ಪಟ್ಟಿತು.

ಆದರೆ ಜನರ ಎಲ್ಲ ಪಾಠಾಂತರಗಳೂ ಮಿಸೊಪ್ರೊಸ್ಟಾಲಿನಂತೆ ಮುಂದೆ ಸತ್ಯವೆಂದು ಸಾಬೀತಾಗುವುದಿಲ್ಲ. ಚರ್ಮರೋಗಕ್ಕೆಂದು ಬಂದ ಸ್ಟೀರಾಯ್ಡ್ ಮುಲಾಮುಗಳನ್ನು ಬಿಳುಪಿನ ಆಸೆಗೆ ಮುಖಕ್ಕೆ ಬಳಿದುಕೊಂಡು ಚರ್ಮವನ್ನು ತೆಳುವಾಗಿಸಿಕೊಂಡವರು ಅಸಂಖ್ಯ. 2018ರಲ್ಲಿ ಅಂಥ ಹಲವು ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಬೇಕಾಯಿತು. ಮದುವೆ, ಹಬ್ಬ, ಕ್ಷೇತ್ರದರ್ಶನಗಳಿಗಾಗಿ ಮುಟ್ಟನ್ನು ಮುಂದೂಡುವ ನೊರೆಥಿಸ್ಟಿರೋನ್ ಗುಳಿಗೆಯದು ಇನ್ನೂ ಸೂಕ್ಷ್ಮವಾದ ಸ್ಥಿತಿ. ಬ್ರಿಟನ್ನಿನಲ್ಲಿ ಮುಟ್ಟು ಮುಂದೂಡುವುದು ಅದರ ಅನುಮೋದಿತ ಉಪಯೋಗವೇ. ಇಲ್ಲಿ ಮೀರುತ್ತಿರುವುದು ಉದ್ದೇಶವನ್ನಲ್ಲ, ವೈದ್ಯರ ಚೀಟಿಯನ್ನು. ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಇರುವವಳು ಅದನ್ನು ಸೇವಿಸಬಾರದೆಂದು ಅತ್ತಿಗೆ ನಾದಿನಿಯರಾರೂ ಹೇಳಲಾರರು. ಮಡಿ-ಮೈಲಿಗೆಯ ಹಳೆಯ ಕಟ್ಟಳೆಯೊಂದು ಹೊಸ ರಸಾಯನದ ನೆರವಿನಿಂದ ಮತ್ತಷ್ಟು ಬಿಗಿಯಾಗುತ್ತಿರುವ ಈ ವಿದ್ಯಮಾನ ಪ್ರತ್ಯೇಕ ಅಧ್ಯಯನಕ್ಕೆ ಅರ್ಹ.

ಗರ್ಭಪಾತದ ಗುಳಿಗೆಗಳ ವಿಷಯವೂ ಹಾಗೆಯೇ. 2015ರಲ್ಲಿ ಭಾರತದಲ್ಲಿ ನಡೆದ ಗರ್ಭಪಾತಗಳು ಸುಮಾರು 1 ಕೋಟಿ 56 ಲಕ್ಷವೆಂದೂ ಅವುಗಳಲ್ಲಿ ಶೇಕಡಾ 73ರಷ್ಟು ಆಸ್ಪತ್ರೆಯ ಹೊರಗೆ ಗುಳಿಗೆಗಳಿಂದಲೇ ಆದವೆಂದೂ 2018ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. 1971ರಿಂದ ಗರ್ಭಪಾತ ನಿಯಮಬದ್ಧವಾಗಿ ಕಾನೂನುಸಮ್ಮತವಾಗಿರುವ ದೇಶದಲ್ಲಿಯೂ ಹೆಂಗಸರು ಗುಟ್ಟಿನ ದಾರಿಯನ್ನೇ ಹಿಡಿಯುವುದಕ್ಕೆ ನಾಚಿಕೆ, ದೂರ, ದುಡ್ಡು ಮತ್ತು ಪ್ರಶ್ನೆಗಳ ಭಯ ಕಾರಣಗಳೆಂದು ಊಹಿಸುವುದು ಕಷ್ಟವಲ್ಲ.

ಕನ್ನಡದ ಜಾನಪದ ವೈದ್ಯ ಸಂಗ್ರಹಗಳು ಬಹುಮಟ್ಟಿಗೆ ಬೇರು, ತೊಗಟೆ, ಎಲೆಗಳ ಸುತ್ತಲೇ ಇವೆ. ಬಾಣಂತನದ ದಾಖಲೆಗಳಲ್ಲಿ ಅಂಟಿನುಂಡೆಯೂ ಸಬ್ಬಸಿಗೆಯೂ ದೊರೆಯುತ್ತವೆ, ಗುಳಿಗೆ ದೊರೆಯುವುದು ವಿರಳ. ‘ಶುದ್ಧ’ ಜಾನಪದದ ಹಂಬಲದಲ್ಲಿ ಸಂಗ್ರಾಹಕರು ಅದನ್ನು ಬದಿಗೆ ಸರಿಸಿದ್ದಾರೆನ್ನಬೇಕು. ಯಾವ ಗುಳಿಗೆಯನ್ನು ಯಾರು ಯಾರಿಗೆ ಯಾವುದಕ್ಕೆಂದು ಹೇಳಿದರು, ಏನನ್ನು ನಿರೀಕ್ಷಿಸಿದರು, ಏನಾಯಿತು ಎಂಬ ಮಾಹಿತಿ ಕಷಾಯದ ವಿಧಾನದಷ್ಟೇ ಮುಖ್ಯವಾದ ಕ್ಷೇತ್ರಸಾಮಗ್ರಿ. ವಿಫಲವಾದ ಬಳಕೆಗಳನ್ನು ಕೇಳಿ ಬರೆದುಕೊಳ್ಳುವುದು ಅದಕ್ಕಿಂತಲೂ ಮುಖ್ಯ. ಬೆಳಗಾವಿಯ ಆ ನಾಲ್ಕು ಕೇಂದ್ರಗಳ ವ್ಯಾಪ್ತಿಯಲ್ಲಿ 2002 ಮತ್ತು 2005ರ ನಡುವೆ ಹುಟ್ಟಿದ ಶಿಶುಗಳು ಈಗ ಇಪ್ಪತ್ತು ದಾಟಿದ ಯುವಕ-ಯುವತಿಯರು. ಅವರ ತಾಯಂದಿರಲ್ಲಿ ಯಾರಿಗೆ ಎಷ್ಟು ನಡುಕ ಬಂದಿತೆಂಬ ಲೆಕ್ಕ ಲ್ಯಾನ್ಸೆಟ್ ವರದಿಯಲ್ಲಿದೆ. ಆ ನಡುಕವನ್ನು ಅವರ ಅತ್ತೆಯರು ಏನೆಂದು ತಿಳಿದರು, ಯಾರನ್ನು ಕರೆಸಿದರು, ಯಾವ ಹರಕೆ ಹೊತ್ತರು ಎಂಬುದನ್ನು ಆ ಹಳ್ಳಿಗಳಿಗೆ ಹೋಗಿ ಕೇಳಲು ಇನ್ನೂ ಅವಕಾಶವಿದೆ.